ತಯಾರಿಕೆ ಬೇರೆ, ಚುಚ್ಚುವುದು ಬೇರೆ: 1976ರ ಹಂದಿಜ್ವರ ಲಸಿಕೆಯ ಪ್ರಕರಣ

ಸಾಂಕ್ರಾಮಿಕ ರೋಗ ಬರುವ ಮೊದಲೇ ಸರ್ಕಾರವನ್ನು ಸಜ್ಜುಗೊಳಿಸುವ ಕೆಲಸ ವಹಿಸಿಕೊಂಡವರದು ಅತ್ತ ದರಿ, ಇತ್ತ ಪುಲಿ. ರೋಗ ಬಂದು ತಯಾರಿ ಸಾಲದಿದ್ದರೆ ಬೈಗುಳ. ತಯಾರಿಯೆಲ್ಲ ನಡೆದು ರೋಗ ಬಾರದೆ ಹೋದರೂ ಬೈಗುಳ. ಎರಡನೆಯ ಬಗೆಯ ಬೈಗುಳಕ್ಕೆ ಹುದ್ದೆಯನ್ನೇ ತೆತ್ತವರು ಅಮೆರಿಕದ ಡಾ. ಡೇವಿಡ್ ಸೆನ್ಸರ್.

1966ರಿಂದ 1977ರವರೆಗೆ ಅವರು ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದ, ಅಂದರೆ ಸಿಡಿಸಿಯ, ನಿರ್ದೇಶಕರು. ಅಷ್ಟು ವರ್ಷ ಆ ಕುರ್ಚಿಯಲ್ಲಿ ಕೂತವರು ಮತ್ತೊಬ್ಬರಿಲ್ಲ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಸಿಡುಬನ್ನು ಅಳಿಸಿದ ತಂಡ ಇವರ ಕಾಲದ್ದು; ಆ ತಂಡದಲ್ಲಿದ್ದ ವಿಲಿಯಂ ಫೇಗಿ ಮುಂದೆ ಭಾರತಕ್ಕೂ ಬಂದು ಇಲ್ಲಿನ ಸಿಡುಬು ನಿರ್ಮೂಲನೆಯಲ್ಲಿ ದುಡಿದರು. ಸರ್ಕಾರಿ ಕೆಲಸ ಹೋದ ಮೇಲೆ ಸೆನ್ಸರ್ ವೈದ್ಯಕೀಯ ಉಪಕರಣ ತಯಾರಿಸುವ ಬೆಕ್ಟನ್ ಡಿಕಿನ್ಸನ್ ಕಂಪನಿಯಲ್ಲಿ ಹಿರಿಯ ಉಪಾಧ್ಯಕ್ಷರಾದರು, ಅಲ್ಲಿಂದ ನ್ಯೂಯಾರ್ಕ್ ನಗರದ ಆರೋಗ್ಯ ಆಯುಕ್ತರಾದರು. ಇಲ್ಲಿ ನೋಡುತ್ತಿರುವುದು ಆ ದೀರ್ಘ ವೃತ್ತಿಜೀವನವನ್ನಲ್ಲ. ಅದನ್ನು ಎರಡು ಹೋಳು ಮಾಡಿದ 1976ರ ಒಂದು ತೀರ್ಮಾನವನ್ನು.

ಆ ತೀರ್ಮಾನವನ್ನು ಸಾಮಾನ್ಯವಾಗಿ ‘ಬಾರದ ರೋಗಕ್ಕೆ ಬೆದರಿದ ಕಥೆ’ ಎಂದು ಹೇಳಿ ಮುಗಿಸುತ್ತಾರೆ. ಹಾಗನ್ನುವುದು ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ಭಯಕ್ಕೆ ಕಾರಣ ಇತ್ತು. ಎಡವಿದ್ದು ಬೇರೆ ಕಡೆ.

ಸೇನಾ ಶಿಬಿರದ ಜ್ವರ

1976ರ ಜನವರಿಯಲ್ಲಿ ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಶಿಬಿರದಲ್ಲಿ ಹೊಸದಾಗಿ ಸೇರಿದ ಸೈನಿಕರಿಗೆ ಜ್ವರ ಹರಡಿತು. ಚಳಿಗಾಲ, ಒತ್ತೊತ್ತಾಗಿ ಮಲಗುವ ಹುಡುಗರು, ಯಾರೂ ಅಚ್ಚರಿಪಡಲಿಲ್ಲ. ಫೆಬ್ರವರಿ 4ರಂದು ಒಬ್ಬ ಎಳೆಯ ಸೈನಿಕ ಜ್ವರದಲ್ಲೇ ರಾತ್ರಿ ನಡಿಗೆಯ ತರಬೇತಿಗೆ ಹೊರಟು, ಕುಸಿದು ತೀರಿಕೊಂಡ. ರಾಜ್ಯದ ಸಾಂಕ್ರಾಮಿಕ ರೋಗತಜ್ಞ ಮಾರ್ಟಿನ್ ಗೋಲ್ಡ್‌ಫೀಲ್ಡ್ ಅವರ ಪ್ರಯೋಗಾಲಯಕ್ಕೆ ಶಿಬಿರದಿಂದ ಬಂದ ಮಾದರಿಗಳಲ್ಲಿ ಹೆಚ್ಚಿನವು ಆ ವರ್ಷ ಎಲ್ಲೆಡೆ ಓಡಾಡುತ್ತಿದ್ದ ವಿಕ್ಟೋರಿಯಾ ತಳಿಯವು. ಕೆಲವು ಮಾತ್ರ ಯಾವ ಗುರುತಿಗೂ ಸಿಗಲಿಲ್ಲ. ಅವು ಅಟ್ಲಾಂಟಾಕ್ಕೆ ಹೋದವು. ಫೆಬ್ರವರಿ 12ರಂದು ಸಿಡಿಸಿ ಉತ್ತರ ಕೊಟ್ಟಿತು: ಇದು ಹಂದಿಗಳಲ್ಲಿರುವ ಫ್ಲೂ ವೈರಸ್ಸಿನ ಜಾತಿ, 1918ರ ಮಹಾಮಾರಿಯ ದಾಯಾದಿ.

1918 ಎಂಬ ಅಂಕಿ ಕೇಳಿದರೆ ಸಾಕು, ಆ ಕಾಲದ ವೈದ್ಯರ ಎದೆ ಝಲ್ಲೆನ್ನುತ್ತಿತ್ತು. ಅಮೆರಿಕದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು. ಭಾರತದಲ್ಲಿ ಕೋಟಿಗೂ ಮೀರಿ. ಐವತ್ತು ದಾಟದ ಯಾರ ರಕ್ತದಲ್ಲೂ ಈ ಜಾತಿಯ ವೈರಸ್ಸನ್ನು ಎದುರಿಸುವ ಶಕ್ತಿ ಇರಲಾರದು. 1957 ಮತ್ತು 1968ರಲ್ಲಿ ಹೊಸ ತಳಿಗಳು ಬಂದಾಗ ಲಸಿಕೆ ಜನರಿಗೆ ತಲುಪುವಷ್ಟರಲ್ಲಿ ರೋಗ ಊರು ಸುತ್ತಿ ಆಗಿತ್ತು. ಸುಮಾರು ಹತ್ತು ಹನ್ನೊಂದು ವರ್ಷಕ್ಕೊಮ್ಮೆ ಹೊಸ ಫ್ಲೂ ಬರುತ್ತದೆ ಎಂಬ ಲೆಕ್ಕಾಚಾರವೂ ಚಾಲ್ತಿಯಲ್ಲಿತ್ತು. ಎಡ್ವಿನ್ ಕಿಲ್ಬರ್ನ್ ಎಂಬ ಹೆಸರಾಂತ ವೈರಾಣು ವಿಜ್ಞಾನಿ ಇದೇ ವಾದ ಮಂಡಿಸಿ ಬರೆದ ಲೇಖನ, ಕಾಕತಾಳೀಯವಾಗಿ, ಫೆಬ್ರವರಿ 13ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅಚ್ಚಾಗಿತ್ತು.

ಇನ್ನೊಂದು ಮಗ್ಗುಲೂ ಇತ್ತು. ಶಿಬಿರದೊಳಗೆ ಸುಮಾರು 230 ಸೈನಿಕರಿಗೆ ಹೊಸ ವೈರಸ್ ತಗಲಿದ್ದು ರಕ್ತ ಪರೀಕ್ಷೆಯಿಂದ ತಿಳಿಯಿತು. ಆಸ್ಪತ್ರೆ ಸೇರಿದವರು 13 ಮಂದಿ, ಸತ್ತವನು ಒಬ್ಬ. ಶಿಬಿರದ ಬೇಲಿ ದಾಟಿ ಅದು ಹರಡಿದ ಸುಳಿವು ಎಷ್ಟು ಹುಡುಕಿದರೂ ಸಿಗಲಿಲ್ಲ. ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಶಿಬಿರದೊಳಗೂ ಅದು ನಿಂತುಹೋಗಿತ್ತು. ಮನುಷ್ಯರಿಂದ ಮನುಷ್ಯರಿಗೆ ಹರಡಬಲ್ಲದು ಎಂಬುದು ಖಚಿತ; ಹರಡುತ್ತಿಲ್ಲ ಎಂಬುದೂ ಅಷ್ಟೇ ಖಚಿತ. ಇವೆರಡನ್ನೂ ಕೈಯಲ್ಲಿ ಹಿಡಿದು ತೀರ್ಮಾನ ಮಾಡಬೇಕಿತ್ತು.

ಒಂದು ಟಿಪ್ಪಣಿ, ನಾಲ್ಕು ದಾರಿ

ಮಾರ್ಚ್ 10ರಂದು ಲಸಿಕೆ ಸಲಹಾ ಸಮಿತಿ ಅಟ್ಲಾಂಟಾದಲ್ಲಿ ಸೇರಿತು. ಲಸಿಕೆ ತಯಾರಿಸಬೇಕು ಎಂಬುದಕ್ಕೆ ಯಾರದ್ದೂ ಅಡ್ಡಿ ಇರಲಿಲ್ಲ. ರಸೆಲ್ ಅಲೆಗ್ಸಾಂಡರ್ ಎಂಬ ಸದಸ್ಯರು ಮಾತ್ರ ಒಂದು ಪ್ರಶ್ನೆ ಎತ್ತಿದರು: ತಯಾರಿಸಿದ್ದನ್ನು ದಾಸ್ತಾನು ಇಟ್ಟುಕೊಂಡು ಕಾಯುವುದು ಎಲ್ಲಿಯವರೆಗೆ, ಚುಚ್ಚಲು ಶುರು ಮಾಡುವುದು ಯಾವಾಗ? ಪ್ರಶ್ನೆ ಅಲ್ಲೇ ಬಿದ್ದುಹೋಯಿತು. ವಿಮಾನಯಾನದ ಕಾಲದಲ್ಲಿ ಫ್ಲೂ ಎರಡು ವಾರದಲ್ಲಿ ದೇಶ ಸುತ್ತೀತು, ಇಪ್ಪತ್ತೊಂದು ಕೋಟಿ ಜನರಿಗೆ ಎರಡು ವಾರದಲ್ಲಿ ಚುಚ್ಚಲಾದೀತೆ ಎಂಬ ಮರುಪ್ರಶ್ನೆಗೆ ಯಾರಲ್ಲೂ ಉತ್ತರ ಇರಲಿಲ್ಲ.

ಕೆಲವೇ ದಿನಗಳಲ್ಲಿ ಸೆನ್ಸರ್ ವಾಷಿಂಗ್ಟನ್ನಿಗೆ ಟಿಪ್ಪಣಿ ಕಳಿಸಿದರು. ಸರ್ಕಾರಿ ಕಡತಗಳಲ್ಲಿ ಪಳಗಿದವರು ಬರೆದದ್ದು ಎಂದು ಓದಿದ ಕೂಡಲೇ ಗೊತ್ತಾಗುತ್ತದೆ. ನಾಲ್ಕು ದಾರಿಗಳನ್ನು ಮುಂದಿಟ್ಟಿದ್ದರು: ಏನೂ ಮಾಡದಿರುವುದು, ಕನಿಷ್ಠ ಕ್ರಮ, ಪೂರ್ತಿ ಸರ್ಕಾರಿ ಕಾರ್ಯಕ್ರಮ, ಸರ್ಕಾರ ಮತ್ತು ಖಾಸಗಿ ಎರಡೂ ಸೇರಿದ ಕಾರ್ಯಕ್ರಮ. ಮೊದಲ ಮೂರನ್ನು ಅವರೇ ಕಾರಣ ಕೊಟ್ಟು ಹೊಡೆದುಹಾಕಿದ್ದರು. ಅನವಶ್ಯಕ ಖರ್ಚನ್ನು ಸರ್ಕಾರ ತಡೆದುಕೊಂಡೀತು, ಅನವಶ್ಯಕ ಸಾವನ್ನಲ್ಲ ಎಂಬರ್ಥದ ಮಾತೂ ಅದರಲ್ಲಿತ್ತು. ಮೇಲಧಿಕಾರಿ ಸಹಿ ಹಾಕದೆ ಉಳಿಯುವುದಾದರೂ ಹೇಗೆ? ಸಹಿ ಹಾಕದಿದ್ದರೆ, ನಾಳೆ ರೋಗ ಬಂದಾಗ ಈ ಕಾಗದ ಪತ್ರಿಕೆಯವರ ಕೈಯಲ್ಲಿರುತ್ತದೆ.

ಆ ಟಿಪ್ಪಣಿಯಲ್ಲಿದ್ದ ಒಂದು ವಾದವನ್ನು ತಳ್ಳಿಹಾಕುವಂತಿಲ್ಲ. ಫ್ಲೂ ಲಸಿಕೆ ಕೋಳಿಮೊಟ್ಟೆಯೊಳಗೆ ಬೆಳೆಯುವಂಥದ್ದು. ಮೊಟ್ಟೆ ಹೊಂದಿಸುವುದರಿಂದ ಹಿಡಿದು ಬಾಟಲಿ ತುಂಬುವವರೆಗೆ ತಿಂಗಳುಗಳು ಬೇಕು. ಚಳಿಗಾಲದ ಹೊತ್ತಿಗೆ ಲಸಿಕೆ ಬೇಕೆಂದರೆ ಮಾರ್ಚ್‌ನಲ್ಲಿ ಅಪ್ಪಣೆ ಆಗಲೇಬೇಕು. ಸರಿ. ಆದರೆ ಮಾರ್ಚ್‌ನಲ್ಲಿ ಆಗಬೇಕಾದದ್ದು ತಯಾರಿಕೆಯ ಅಪ್ಪಣೆ ಮಾತ್ರ. ದೇಶದ ಪ್ರತಿಯೊಬ್ಬರ ತೋಳಿಗೂ ಚುಚ್ಚುತ್ತೇವೆ ಎಂಬ ತೀರ್ಮಾನಕ್ಕೆ ಆಗಸ್ಟಿನವರೆಗೂ ಪುರಸೊತ್ತಿತ್ತು. ಅಷ್ಟರಲ್ಲಿ ಭೂಮಿಯ ದಕ್ಷಿಣಾರ್ಧದ ಚಳಿಗಾಲ ಮುಗಿದು, ಅಲ್ಲಿ ಈ ವೈರಸ್ ಕಾಣಿಸಿತೋ ಇಲ್ಲವೋ ಎಂಬುದು ತಿಳಿಯುತ್ತಿತ್ತು. ಸೆನ್ಸರ್ ಎರಡನ್ನೂ ಒಂದೇ ಸಹಿಗೆ ಕಟ್ಟಿಹಾಕಿದರು. ಈ ಪ್ರಕರಣದ ಗಂಟು ಇದೇ ಎಂದು ನನಗನ್ನಿಸುತ್ತದೆ. ಮುಂದಿನ ಅನರ್ಥಗಳ ಎಳೆ ಹಿಡಿದು ಹೋದರೆ ಬಹುತೇಕ ಇಲ್ಲಿಗೇ ಬಂದು ನಿಲ್ಲುತ್ತೇವೆ.

ಟಿಪ್ಪಣಿ ಮೇಲೇರುತ್ತಾ ಹೋದಂತೆ ಅದರ ಭಾಷೆಯೂ ಬಿಗಿಯಾಯಿತು. ಸೆನ್ಸರ್ ಬರೆದದ್ದು ರೋಗ ಹರಡುವ ‘ಬಲವಾದ ಸಾಧ್ಯತೆ’ ಎಂದು. ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಖಾತೆಯ ಮಂತ್ರಿ ಡೇವಿಡ್ ಮ್ಯಾಥ್ಯೂಸ್ ಮಾರ್ಚ್ 15ರಂದು ಬಜೆಟ್ ಕಚೇರಿಗೆ ಬರೆದ ಚೀಟಿಯಲ್ಲಿ, ಈ ವೈರಸ್ 1976ರಲ್ಲಿ ಹತ್ತು ಲಕ್ಷ ಅಮೆರಿಕನ್ನರನ್ನು ಕೊಲ್ಲುತ್ತದೆ ಎಂಬ ಅಂದಾಜೇ ಸೇರಿತ್ತು. ವಿಷಯ ಬಲ್ಲ ವಿಜ್ಞಾನಿಗಳನ್ನು ಆಮೇಲೆ ಒಬ್ಬೊಬ್ಬರಾಗಿ ವಿಚಾರಿಸಿದಾಗ, ಅವರ ಮನಸ್ಸಿನಲ್ಲಿದ್ದ ಸಾಧ್ಯತೆ ಹೆಚ್ಚುಕಡಿಮೆ ಶೇಕಡಾ 2ರಿಂದ 20ರ ನಡುವೆ ಇತ್ತು. ಆಗ ಯಾರೂ ಅವರನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರಿಗದು ಚುನಾವಣೆಯ ವರ್ಷ. ಮಾರ್ಚ್ 23ರಂದು ಉತ್ತರ ಕೆರೊಲಿನಾದ ಪಕ್ಷದೊಳಗಿನ ಚುನಾವಣೆಯಲ್ಲಿ ರೇಗನ್ ಎದುರು ಸೋತಿದ್ದರು. ಮರುದಿನವೇ ಶ್ವೇತಭವನದಲ್ಲಿ ತಜ್ಞರ ಸಭೆ. ಪೋಲಿಯೊ ಲಸಿಕೆಯ ಜೋನಾಸ್ ಸಾಕ್ ಮತ್ತು ಆಲ್ಬರ್ಟ್ ಸೇಬಿನ್ ಒಟ್ಟಿಗೆ ಕೂತಿದ್ದರು. ಪರಸ್ಪರ ಮುಖ ನೋಡದ ಇಬ್ಬರನ್ನು ಒಂದೇ ಕೋಣೆಗೆ ತಂದದ್ದೇ ಒಂದು ಸಾಧನೆ. ಭಿನ್ನಾಭಿಪ್ರಾಯ ಇದೆಯೇ ಎಂದು ಫೋರ್ಡ್ ಕೇಳಿದರು. ಯಾರೂ ಬಾಯಿಬಿಡಲಿಲ್ಲ. ಯಾರಿಗಾದರೂ ಒಬ್ಬರೇ ಮಾತಾಡಬೇಕಿದ್ದರೆ ನನ್ನ ಕಚೇರಿಗೆ ಬನ್ನಿ ಎಂದು ಕಾದರು. ಯಾರೂ ಹೋಗಲಿಲ್ಲ. ಅಂದೇ, ಸಾಕ್ ಮತ್ತು ಸೇಬಿನ್ ಅವರನ್ನು ಪಕ್ಕದಲ್ಲಿಟ್ಟುಕೊಂಡು ದೇಶದ ಪ್ರತಿಯೊಬ್ಬ ಗಂಡಸು, ಹೆಂಗಸು, ಮಗುವಿಗೂ ಲಸಿಕೆ ಎಂದು ಘೋಷಿಸಿದರು. 13.5 ಕೋಟಿ ಡಾಲರಿಗೆ ಸಂಸತ್ತು ಒಪ್ಪಿಗೆ ಕೊಟ್ಟು ಏಪ್ರಿಲ್ 15ಕ್ಕೆ ಸಹಿಯೂ ಆಯಿತು. ಬೇರೆ ಯಾವ ದೇಶವೂ ಹೀಗೆ ಇಡೀ ಜನತೆಗೆ ಚುಚ್ಚಲು ಹೊರಡಲಿಲ್ಲ.

ವಿಮೆಯವರು ಕೇಳಿದ ಪ್ರಶ್ನೆ

ಲಸಿಕೆ ತಯಾರಿಸುವವರು ನಾಲ್ಕು ಕಂಪನಿಗಳು: ಮೆರಿಲ್, ಮರ್ಕ್, ಪಾರ್ಕ್-ಡೇವಿಸ್, ವೈಯತ್. ಆತುರದಲ್ಲಿ ಪಾರ್ಕ್-ಡೇವಿಸ್ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಡೋಸ್‌ಗಳನ್ನು ತಪ್ಪು ವೈರಸ್ಸಿನಿಂದ ತಯಾರಿಸಿ ಕೂತಿತು. ಜೂನ್‌ನಲ್ಲಿ ಬಂದ ಪ್ರಯೋಗದ ಫಲಿತಾಂಶ, ಮಕ್ಕಳಿಗೆ ಒಂದು ಚುಚ್ಚುಮದ್ದು ಸಾಲದು ಎಂದಿತು. ಇವೆಲ್ಲ ಇಂಥ ಕೆಲಸದಲ್ಲಿ ಇದ್ದದ್ದೇ. ಕಾರ್ಯಕ್ರಮವನ್ನು ನಿಲ್ಲಿಸಿದ್ದು ವಿಮೆ.

ಅದರ ಹಿಂದೆ ಟೆಕ್ಸಾಸ್‌ನ ಒಂದು ಮೊಕದ್ದಮೆ ಇತ್ತು. ಸರ್ಕಾರಿ ಚಿಕಿತ್ಸಾಲಯದಲ್ಲಿ ಪೋಲಿಯೊ ಹನಿ ಹಾಕಿಸಿಕೊಂಡ ಮಗುವಿಗೆ ಪೋಲಿಯೊ ಬಂದಿತ್ತು. ಹನಿ ಹಾಕಿದವರು ಸರ್ಕಾರಿ ಸಿಬ್ಬಂದಿ, ಲಸಿಕೆ ವೈಯತ್‌ನದು. ಅಪಾಯದ ಬಗ್ಗೆ ಹೆತ್ತವರಿಗೆ ನೇರವಾಗಿ ಎಚ್ಚರಿಕೆ ತಲುಪುವಂತೆ ನೋಡಿಕೊಳ್ಳುವ ಹೊಣೆ ಕಂಪನಿಯದೇ ಎಂದು 1974ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಲಸಿಕೆ ಉದ್ಯಮದ ಲೆಕ್ಕಾಚಾರವೆಲ್ಲ ಅಲ್ಲಿಂದ ಬದಲಾಯಿತು.

ಏಪ್ರಿಲ್‌ನಲ್ಲೇ ವಿಮಾ ಕಂಪನಿಗಳು ಸೂಚನೆ ಕೊಟ್ಟಿದ್ದವು: ಜುಲೈನಿಂದ ಹಂದಿಜ್ವರದ ಲಸಿಕೆಗೆ ನಮ್ಮ ರಕ್ಷಣೆ ಇಲ್ಲ. ಅವರ ವಾದ ಲಸಿಕೆ ಕೆಟ್ಟದ್ದು ಎಂದಲ್ಲ. ಕೋಟಿಗಟ್ಟಲೆ ಜನರಿಗೆ ಕೆಲವೇ ವಾರಗಳಲ್ಲಿ ಚುಚ್ಚಿದರೆ, ಆ ವಾರಗಳಲ್ಲಿ ಅವರಲ್ಲಿ ಸಾವಿರಾರು ಮಂದಿಗೆ ಹೇಗೂ ಹೃದಯಾಘಾತವೋ ಪಾರ್ಶ್ವವಾಯುವೋ ಬಂದೇ ಬರುತ್ತದೆ. ಅವರೆಲ್ಲ ಕೋರ್ಟಿಗೆ ಹೋದರೆ, ಪ್ರತಿಯೊಂದು ಮೊಕದ್ದಮೆಯನ್ನೂ ಗೆದ್ದರೂ ವಕೀಲರ ಖರ್ಚೇ ಮುಳುಗಿಸುತ್ತದೆ. ಜೊತೆಗೆ ಯಾರಿಗೂ ಗೊತ್ತಿಲ್ಲದ ಅಪರೂಪದ ಅಡ್ಡಪರಿಣಾಮ ಒಂದಿದ್ದರೆ? ಹಿಂದೆಂದೂ ಇಷ್ಟು ಜನರಿಗೆ ಫ್ಲೂ ಲಸಿಕೆ ಕೊಟ್ಟಿಲ್ಲವಾದ್ದರಿಂದ ಅದರ ಬೆಲೆ ಕಟ್ಟುವುದು ಸಾಧ್ಯವಿಲ್ಲ.

ಸರ್ಕಾರದ ಕಡೆಯವರು ಇದನ್ನು ಚೌಕಾಸಿ ಎಂದುಕೊಂಡರು. ದೇಶದ ಆಪತ್ತಿನಲ್ಲಿ ಲಾಭ ನೋಡುವವರು ಎಂಬ ಮಾತೂ ಬಂತು. ನನಗೆ ಕಾಣುವಂತೆ, ಇಡೀ ವರ್ಷದಲ್ಲಿ ‘ಗೊತ್ತಿಲ್ಲ’ ಎಂಬುದನ್ನು ಗೊತ್ತಿಲ್ಲ ಎಂದೇ ಬರೆದಿಟ್ಟವರು ವಿಮೆಯವರು ಮಾತ್ರ. ಅವರ ಉದ್ದೇಶ ಲೋಕಕಲ್ಯಾಣ ಆಗಿರಲಿಲ್ಲ ನಿಜ. ಆದರೆ ಅಟ್ಲಾಂಟಾದಲ್ಲಾಗಲೀ ವಾಷಿಂಗ್ಟನ್ನಿನಲ್ಲಾಗಲೀ ಕೇಳಬೇಕಾಗಿದ್ದ ಪ್ರಶ್ನೆ ವಿಮಾ ಕಂಪನಿಗಳ ಊರಾದ ಹಾರ್ಟ್‌ಫರ್ಡಿನ ಲೆಕ್ಕಿಗರ ಕಡೆಯಿಂದ ಬಂದದ್ದು ಸರ್ಕಾರಕ್ಕೆ ಸಿಕ್ಕ ಉಚಿತ ಸಲಹೆ. ಅದನ್ನು ಸಲಹೆಯಾಗಿ ಓದದೆ ಅಡ್ಡಿಯಾಗಿ ಓದಿದರು.

ಜುಲೈ ಹೊತ್ತಿಗೆ ಕಾರ್ಯಕ್ರಮ ಸತ್ತೇಹೋಯಿತು ಎನ್ನುವ ಸ್ಥಿತಿ. ಸಂಸತ್ತಿನಲ್ಲಿ ಹೊಣೆಗಾರಿಕೆಯ ಮಸೂದೆ ಮೂಲೆ ಸೇರಿತ್ತು. ಆಗ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸಮಾವೇಶ ಮುಗಿಸಿ ಊರಿಗೆ ಮರಳಿದ ಮಾಜಿ ಯೋಧರು ನ್ಯುಮೋನಿಯಾದಂಥ ಕಾಯಿಲೆಯಿಂದ ಒಬ್ಬರ ಹಿಂದೊಬ್ಬರು ಸಾಯತೊಡಗಿದರು. ಹಂದಿಜ್ವರ ಬಂದೇ ಬಿಟ್ಟಿತು ಎಂದು ದೇಶ ಬೆಚ್ಚಿತು. ಆಗಸ್ಟ್ 5ರಂದು ಸೆನ್ಸರ್ ಸಂಸತ್ತಿನ ಸಮಿತಿಯ ಮುಂದೆ ಇದು ಹಂದಿಜ್ವರ ಅಲ್ಲ ಎಂದು ಹೇಳಿದರು. ಹೇಳಿ ಪ್ರಯೋಜನ ಇರಲಿಲ್ಲ. ನಾಳೆ ನಿಜವಾದದ್ದೇ ಬಂದರೆ ಲಸಿಕೆ ತಡೆದವರು ಎಂಬ ಹೆಸರು ಯಾವ ಸಂಸದರಿಗೂ ಬೇಡವಾಗಿತ್ತು. ಆಗಸ್ಟ್ 12ಕ್ಕೆ ಕಾನೂನು ಬಂತು: ಲಸಿಕೆಯಿಂದ ತೊಂದರೆಯಾಯಿತು ಎನ್ನುವವರು ಕಂಪನಿಯ ಮೇಲಲ್ಲ, ಸರ್ಕಾರದ ಮೇಲೆ ದಾವೆ ಹೂಡಬೇಕು. ಆ ಮಾಜಿ ಯೋಧರ ಕಾಯಿಲೆಗೆ ಕಾರಣ ಅದುವರೆಗೆ ಗೊತ್ತಿಲ್ಲದ ಒಂದು ಬ್ಯಾಕ್ಟೀರಿಯಾ ಎಂದು ಸಿಡಿಸಿ ಪತ್ತೆ ಹಚ್ಚಿದ್ದು ಮುಂದಿನ ಜನವರಿಯಲ್ಲಿ. ಹಂದಿಜ್ವರದ ಲಸಿಕೆಯನ್ನು ಬದುಕಿಸಿದ್ದು ಹಂದಿಜ್ವರಕ್ಕೆ ಸಂಬಂಧವೇ ಇಲ್ಲದ ಒಂದು ರೋಗ.

ಸರ್ಕಾರ ಹೊಣೆ ಹೊತ್ತು ಕಂಪನಿಗೆ ರಕ್ಷಣೆ ಕೊಡುವ ಈ ಮಾದರಿ ಅಲ್ಲಿಗೇ ನಿಲ್ಲಲಿಲ್ಲ. 2021ರಲ್ಲಿ ಫೈಜರ್ ಮತ್ತು ಮಾಡರ್ನಾ ತಮ್ಮ ಕೋವಿಡ್ ಲಸಿಕೆಗೆ ಭಾರತ ಸರ್ಕಾರದಿಂದ ಕೇಳಿದ್ದೂ ಇದನ್ನೇ. ಮಾತುಕತೆ ತಿಂಗಳುಗಟ್ಟಲೆ ಎಳೆದು, ಕೊನೆಗೂ ಆ ಲಸಿಕೆಗಳು ನಮ್ಮ ಸರ್ಕಾರಿ ಕೇಂದ್ರಗಳಿಗೆ ಬರಲಿಲ್ಲ.

ಹತ್ತು ವಾರ

ಅಕ್ಟೋಬರ್ 1ರಂದು ಚುಚ್ಚುಮದ್ದು ಶುರು. ಸೂಜಿಯಿಲ್ಲದೆ ಒತ್ತಡದಿಂದ ಔಷಧ ಒಳತೂರುವ ಪಿಸ್ತೂಲುಗಳು, ಶಾಲೆಗಳಲ್ಲಿ ಉದ್ದುದ್ದ ಸಾಲು. ಹತ್ತು ದಿನವಾಗಿತ್ತಷ್ಟೆ, ಪಿಟ್ಸ್‌ಬರ್ಗ್‌ನಲ್ಲಿ ಒಂದೇ ಚಿಕಿತ್ಸಾಲಯದಲ್ಲಿ ಲಸಿಕೆ ಪಡೆದ ಮೂವರು ವೃದ್ಧರು ತೀರಿಕೊಂಡರು. ಆ ವಯಸ್ಸಿನವರಲ್ಲಿ ದಿನವೂ ಇಷ್ಟು ಸಾವು ಸಹಜ ಎಂದು ಸಿಡಿಸಿ ವಿವರಿಸಿತು. ಮಾತು ನಿಜ, ಆದರೆ ಸಾವಿಗೆ ಮೊದಲು ಹೇಳಿದ್ದರೆ ಅದು ಮಾಹಿತಿ ಆಗುತ್ತಿತ್ತು, ಆಮೇಲೆ ಹೇಳಿದ್ದರಿಂದ ಸಮಜಾಯಿಷಿಯಂತೆ ಕೇಳಿಸಿತು. ಹಲವು ರಾಜ್ಯಗಳು ಲಸಿಕೆ ನಿಲ್ಲಿಸಿದವು. ಫೋರ್ಡ್ ಟಿವಿ ಕ್ಯಾಮೆರಾ ಮುಂದೆ ತೋಳು ಮಡಿಸಿ ಚುಚ್ಚಿಸಿಕೊಂಡರು. ನವೆಂಬರ್ 2ರಂದು ಚುನಾವಣೆ ಸೋತರು.

ನವೆಂಬರ್ ಕೊನೆಗೆ ಮಿನೆಸೋಟಾದಿಂದ ಗಿಲಾನ್-ಬಾರೆ ಸಿಂಡ್ರೋಮ್ ಸುದ್ದಿ ಬಂತು. ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ತಿರುಗಿಬಿದ್ದು ಕೈಕಾಲು ಸೋಲುವ ಕಾಯಿಲೆ ಇದು. ಬಹುತೇಕರು ಚೇತರಿಸಿಕೊಳ್ಳುತ್ತಾರೆ, ಕೆಲವರಿಗೆ ಉಸಿರಾಟವೇ ನಿಲ್ಲುತ್ತದೆ. ಲಸಿಕೆ ಪಡೆದವರಲ್ಲಿ 500ಕ್ಕೂ ಹೆಚ್ಚು ಮಂದಿಯಲ್ಲಿ ಅದು ಕಾಣಿಸಿಕೊಂಡಿತು, 30ಕ್ಕೂ ಹೆಚ್ಚು ಮಂದಿ ಸತ್ತರು. ಲಸಿಕೆ ಇಲ್ಲದಿದ್ದರೂ ಅವರಲ್ಲಿ ಕೆಲವರಿಗೆ ಬರುತ್ತಿತ್ತು. ಲೆಕ್ಕ ಹಾಕಿದಾಗ ಲಸಿಕೆಯಿಂದ ಹೆಚ್ಚಿದ ಅಪಾಯ ಸುಮಾರು ಲಕ್ಷಕ್ಕೊಂದು. ಊರೆಲ್ಲ ಹಂದಿಜ್ವರ ಇದ್ದಿದ್ದರೆ ಲಕ್ಷಕ್ಕೊಂದನ್ನು ಯಾರೂ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಹಂದಿಜ್ವರ ಎಲ್ಲೂ ಇರಲಿಲ್ಲವಾದ್ದರಿಂದ ಲಕ್ಷಕ್ಕೊಂದೂ ದುಬಾರಿಯಾಯಿತು. ಡಿಸೆಂಬರ್ 16ರಂದು ಕಾರ್ಯಕ್ರಮ ನಿಂತಿತು. ಅಷ್ಟರೊಳಗೆ ನಾಲ್ಕು ಕೋಟಿಗೂ ಹೆಚ್ಚು ಜನರಿಗೆ ಚುಚ್ಚಿ ಆಗಿತ್ತು. ಹತ್ತು ಚಿಲ್ಲರೆ ವಾರಗಳಲ್ಲಿ ಅಷ್ಟು ಜನರನ್ನು ತಲುಪಿದ್ದು ಅಲ್ಲಿನ ಆರೋಗ್ಯ ಇಲಾಖೆಗಳು ಹಿಂದೆಂದೂ ಮಾಡದ ಕೆಲಸ; ಈ ಮಾತನ್ನು ಹೇಳುವವರು ಕಡಿಮೆ. ಪರಿಹಾರ ಕೇಳಿ ಸಾವಿರಾರು ಅರ್ಜಿಗಳು ಬಂದವು. ಸರ್ಕಾರ ಕೋಟಿಗಟ್ಟಲೆ ಡಾಲರ್ ತೆತ್ತಿತು. ವಿಮೆಯವರು ಕೈತೊಳೆದುಕೊಂಡಿದ್ದು ಇದನ್ನೇ ನೆನೆದು.

ಕುರ್ಚಿ ಹೋದ ಮೇಲೆ

1977ರ ಫೆಬ್ರವರಿಯಲ್ಲಿ ಹೊಸ ಮಂತ್ರಿ ಜೋಸೆಫ್ ಕ್ಯಾಲಿಫಾನೊ ಸೆನ್ಸರ್ ಅವರನ್ನು ತೆಗೆದುಹಾಕಿದರು. ಆ ಹೊತ್ತಿಗೆ ವಿಕ್ಟೋರಿಯಾ ಫ್ಲೂ ಹರಡುತ್ತಿತ್ತು; ಅದರ ಲಸಿಕೆ ಇದ್ದದ್ದು ಹಂದಿಜ್ವರದ ಲಸಿಕೆಯೊಂದಿಗೆ ಬೆರೆತು, ನಿಷೇಧದಡಿ ಬೀಗ ಹಾಕಿದ ದಾಸ್ತಾನಿನಲ್ಲಿ. ವೃದ್ಧರಿಗೂ ರೋಗಿಗಳಿಗೂ ಅದನ್ನು ಮತ್ತೆ ಕೊಡಬಹುದು ಎಂಬ ತೀರ್ಮಾನಕ್ಕೆ ಸಹಿ ಹಾಕುವ ವೇಳೆಗೆ, ಕ್ಯಾಲಿಫಾನೊ ತಮ್ಮ ಹಿಂದಿನವರ ಇಕ್ಕಟ್ಟನ್ನು ಚೆನ್ನಾಗಿಯೇ ಅರಿತಿರಬೇಕು. ನಡೆದದ್ದೇನು ಎಂದು ಪರಿಶೀಲಿಸಲು ಹಾರ್ವರ್ಡಿನ ರಿಚರ್ಡ್ ನ್ಯೂಸ್ಟಾಟ್ ಮತ್ತು ಹಾರ್ವೆ ಫೈನ್‌ಬರ್ಗ್ ಅವರನ್ನು ಕೇಳಿಕೊಂಡರು. ತೀರ್ಮಾನಿಸಬೇಕಾದ್ದಕ್ಕಿಂತ ಹೆಚ್ಚನ್ನು, ಬೇಕಾದ್ದಕ್ಕಿಂತ ಬೇಗ ತೀರ್ಮಾನಿಸಿದ್ದೇ ದೊಡ್ಡ ದೋಷ ಎಂಬುದು 1978ರ ಅವರ ವರದಿಯಲ್ಲಿತ್ತು. ತೀರ್ಮಾನವನ್ನು ಮತ್ತೆ ಪರಿಶೀಲಿಸುವ ತಾರೀಖುಗಳೇ ಇರಲಿಲ್ಲ. ಮಾರ್ಚ್‌ನ ಆ ಟಿಪ್ಪಣಿಯಲ್ಲಿ ‘ಜೂನ್‌ನಲ್ಲಿ ಪ್ರಯೋಗದ ಫಲಿತಾಂಶ ನೋಡಿ, ಆಗಸ್ಟಿನಲ್ಲಿ ದಕ್ಷಿಣಾರ್ಧದ ಸುದ್ದಿ ನೋಡಿ, ಆಮೇಲೆ ಚುಚ್ಚುವ ಮಾತು’ ಎಂದು ಎರಡು ಸಾಲು ಸೇರಿಸಿದ್ದರೆ ಫೋರ್ಡ್ ಅವರಿಗೂ ಮರ್ಯಾದೆಯಿಂದ ಹಿಂದೆ ಸರಿಯುವ ದಾರಿ ಸಿಗುತ್ತಿತ್ತು.

ಬೆಕ್ಟನ್ ಡಿಕಿನ್ಸನ್‌ನ ನಂತರ 1980ರ ದಶಕದ ನ್ಯೂಯಾರ್ಕ್‌ನಲ್ಲಿ ಸೆನ್ಸರ್ ಎದುರಿಸಿದ್ದು ಏಡ್ಸ್. ಅಲ್ಲಿ ಬಂದ ಟೀಕೆ 1976ರದ್ದಕ್ಕೆ ತಿರುವುಮುರುವು: ನಿಧಾನ ಮಾಡಿದರು, ಎಚ್ಚರಿಕೆಯ ಗಂಟೆ ಜೋರಾಗಿ ಬಾರಿಸಲಿಲ್ಲ ಎಂದು. ಮಾದಕ ವಸ್ತು ಚುಚ್ಚಿಕೊಳ್ಳುವವರಿಗೆ ಶುದ್ಧ ಸಿರಿಂಜ್ ಸುಲಭವಾಗಿ ಸಿಗಬೇಕು ಎಂದು 1985ರಲ್ಲಿ ಅವರು ಸೂಚಿಸಿದ್ದನ್ನು ನಗರ ಆಗ ಒಪ್ಪಲಿಲ್ಲ. ಸಿರಿಂಜ್ ತಯಾರಿಸುವ ಕಂಪನಿಯಲ್ಲಿ ದುಡಿದು ಬಂದವರು ಎಂಬ ಕಾರಣಕ್ಕೆ ಆ ಸಲಹೆಯನ್ನು ಅನುಮಾನಿಸಬೇಕಿಲ್ಲ. ಅದು ಸರಿಯಾದ ಸಲಹೆಯೇ ಆಗಿತ್ತೆಂದು ಮುಂದಿನ ವರ್ಷಗಳು ತೋರಿಸಿದವು.

1976ರ ಬಗ್ಗೆ ಅವರು ತಲೆತಗ್ಗಿಸಲಿಲ್ಲ. ಸಹೋದ್ಯೋಗಿ ಡೊನಾಲ್ಡ್ ಮಿಲ್ಲರ್ ಜೊತೆ 2006ರಲ್ಲಿ ಬರೆದ ಲೇಖನದಲ್ಲೂ, ಜೀವ ಪಣದಲ್ಲಿರುವಾಗ ಕಡಿಮೆ ಮಾಡಿ ಎಡವುವುದಕ್ಕಿಂತ ಹೆಚ್ಚು ಮಾಡಿ ಎಡವುವುದೇ ಮೇಲು ಎಂಬ ನಿಲುವನ್ನೇ ಹಿಡಿದರು. 2011ರಲ್ಲಿ ತೀರಿಕೊಂಡರು. ಸಿಡಿಸಿಯ ವಸ್ತುಸಂಗ್ರಹಾಲಯಕ್ಕೆ ಇಂದು ಅವರದೇ ಹೆಸರು.

2009ರ ಏಪ್ರಿಲ್‌ನಲ್ಲಿ ಇನ್ನೊಂದು ಹಂದಿಜ್ವರ ಬಂತು. ಈ ಸಲ ನಿಜವಾಗಿಯೇ ಬಂದು, ಭಾರತವನ್ನೂ ಸೇರಿಸಿ ಲೋಕವೆಲ್ಲ ಸುತ್ತಿತು. ಅಮೆರಿಕದ ಸರ್ಕಾರ 1976ರ ಪಾಠವನ್ನು ಅಕ್ಷರಶಃ ಪಾಲಿಸಿತು. ಕಚ್ಚಾ ಲಸಿಕೆಯ ಖರೀದಿಗೆ ಒಂದು ಅಪ್ಪಣೆ, ಜನರಿಗೆ ಕೊಡುವುದಕ್ಕೆ ಬೇರೆ ಅಪ್ಪಣೆ. ಚುಚ್ಚುವುದು ಅಕ್ಟೋಬರ್ ಮೊದಲ ವಾರ ಶುರುವಾಯಿತು. ಆದರೆ ಮೊಟ್ಟೆಯಲ್ಲಿ ವೈರಸ್ ನಿರೀಕ್ಷಿಸಿದಷ್ಟು ಬೇಗ ಬೆಳೆಯಲಿಲ್ಲ. ಅದೇ ತಿಂಗಳ ಕೊನೆಗೆ ರೋಗ ಉತ್ತುಂಗ ತಲುಪಿದಾಗ ಲಸಿಕೆಗಾಗಿ ಜನ ಸಾಲುಗಟ್ಟಿ ನಿಂತು ಬರಿಗೈಯಲ್ಲಿ ಮರಳುತ್ತಿದ್ದರು. ಲಸಿಕೆಯ ಬಹುಪಾಲು ಕೇಂದ್ರಗಳಿಗೆ ತಲುಪಿದ್ದು ರೋಗ ಇಳಿಮುಖವಾದ ಮೇಲೆ.